ಫೆಬ್ರವರಿ ಮದುವೆಗೆ ಡೇರೆ ಹೂವು ಸಿಗುತ್ತದೆಯೇ?

ಪ್ರಶ್ನೆ: ಅಕ್ಕಾ, ಫೆಬ್ರವರಿ ಕೊನೆಗೆ ನಮ್ಮ ಮನೆ ಅಂಗಳದಲ್ಲೇ ನನ್ನ ಮದುವೆ. ಹುಡುಗ ಶಿರಸಿ ಕಡೆಯವರು, ಅಡಿಕೆ ತೋಟದ ಮನೆ. ಪುರೋಹಿತರಿಲ್ಲದೆ, ಮಂತ್ರಮಾಂಗಲ್ಯದ ರೀತಿಯಲ್ಲಿ, ನಾವೇ ಬರೆದ ನಾಲ್ಕು ಮಾತು ಸೇರಿಸಿಕೊಂಡು ಮದುವೆಯಾಗಬೇಕೆಂದಿದ್ದೇವೆ. ಮಂಟಪಕ್ಕೆ ಪೂರ್ತಿ ಡೇರೆ (ಡೇಲಿಯಾ) ಹೂವೇ ಬೇಕು ಅಂತ ನನ್ನ ಹಟ. ಅವರ ಮನೆ ಅಂಗಳದಲ್ಲಿ ನೋಡಿದಾಗಿನಿಂದ ಅದೇ ತಲೆಯಲ್ಲಿದೆ. ಹೇಗೆ ಹೊಂದಿಸಲಿ?
— ಹೆಸರು ಬೇಡ, ಅಂಕೋಲಾ

ಉತ್ತರ: ತಂಗೀ, ನೀನು ಅವರ ಅಂಗಳ ನೋಡಿದ್ದು ಮಳೆಗಾಲದಲ್ಲಿ, ಅಲ್ವಾ? ಡೇರೆ ಮಳೆಗಾಲದ ಹೂವು. ಫೆಬ್ರವರಿಗೆ ನಿನ್ನ ಅತ್ತೆಯ ಹತ್ತಿರ ಇರುವುದು ಬರೀ ಗಡ್ಡೆ. ದುಡ್ಡು ಸುರಿದು ದೂರದಿಂದ ತರಿಸಿದರೂ ಅದರ ದಂಟು ಟೊಳ್ಳು. ನಿಮ್ಮೂರಿನ ಬಿಸಿಲಿಗೆ ಊಟದ ಹೊತ್ತಿಗೆ ತಲೆ ಬಗ್ಗಿಸಿಬಿಡುತ್ತದೆ. ಡೇರೆಯೇ ಬೇಕಿದ್ದರೆ ತಾರೀಕು ಬದಲಿಸು. ತಾರೀಕು ಗಟ್ಟಿಯಾಗಿದ್ದರೆ ಡೇರೆ ಬಿಡು.

ಬೇಜಾರಾಗಬೇಡ, ಫೆಬ್ರವರಿ ಕೊನೆ ಅಂದರೆ ಸುರಗಿ ಕಾಲ ಶುರು. ಪೇಟೆಯ ಹೂವಿನ ಅಂಗಡಿಯಲ್ಲಿ ಕೇಳಿದರೆ ಸಿಗುವುದು ಕಷ್ಟ, ಮರ ಇರುವ ಮನೆಯನ್ನೇ ಹುಡುಕಬೇಕು. ರೆಂಬೆಗೆ ಅಂಟಿಕೊಂಡು ಗೊಂಚಲು ಗೊಂಚಲಾಗಿ ಮೊಗ್ಗು ಬಿಡುತ್ತದೆ. ಬೆಳಕು ಹರಿಯುವ ಮೊದಲೇ ಕೊಯ್ಯಬೇಕು, ಅರಳಿದ್ದು ಜೇನಿನ ಪಾಲು. ಆ ಹೊತ್ತಿಗೆ ಮರ ಹತ್ತುವವರಿಗೆ ಈಗಲೇ ಹೇಳಿಡು. ನಿಮ್ಮಿಬ್ಬರ ಎರಡು ಮಾಲೆಗಾಗುವಷ್ಟು ಮೊಗ್ಗು ಸಾಕು, ಅಂಗಳವೆಲ್ಲ ಘಮ್ಮೆನ್ನುತ್ತದೆ. ಆಮೇಲೆ ಆ ಮಾಲೆ ಎಸೆಯಬೇಡ. ಒಣಗಿದರೂ ಪರಿಮಳ ಹೋಗದ ಹೂವು ಅದು, ಸೀರೆಗಳ ನಡುವೆ ಇಟ್ಟುಕೋ.

ಮುಡಿಗೆ ಅಬ್ಬಲಿಗೆ, ಅಂದರೆ ಕನಕಾಂಬರ. ವಾಸನೆ ಇಲ್ಲ, ನಿಜ. ಆದರೆ ಹಗುರ, ಬೇಗ ಬಾಡುವುದಿಲ್ಲ, ಕೇಸರಿ ಬಣ್ಣ ಕಪ್ಪು ಕೂದಲಿಗೆ ಎದ್ದು ಕಾಣುತ್ತದೆ. ಜೊತೆಗೆ ಸ್ವಲ್ಪ ಭಟ್ಕಳ ಮಲ್ಲಿಗೆ ಇದ್ದರಾಯಿತು. ಚಳಿಗಾಲದಲ್ಲಿ ಮಲ್ಲಿಗೆ ಬರುವುದೇ ಕಡಿಮೆ, ಮೇಲಿಂದ ಮದುವೆ ಸೀಸನ್. ಮಂಟಪಕ್ಕೂ ಅದೇ ಬೇಕು ಅಂತ ಹೊರಟರೆ ನಿಮ್ಮ ಅಪ್ಪನಿಗೆ ದರ ಹೇಳುವ ಕೆಲಸ ನಿನ್ನದೇ!

ಮಂಟಪಕ್ಕೆ ಹುಡುಗನ ಮನೆಯಿಂದ ಸಿಂಗಾರ, ಅಂದರೆ ಅಡಿಕೆಯ ಹೂಗೊಂಚಲು ತರಿಸು. ಸುತ್ತಲಿನ ಹಾಳೆ (ಹೊದಿಕೆ) ಇನ್ನೂ ಒಡೆಯದ್ದನ್ನು ಹಿಂದಿನ ಸಂಜೆ ಕೊಯ್ದು ಹಾಗೇ ತರಲಿ. ಬೆಳಿಗ್ಗೆ ಮಂಟಪದ ಹತ್ತಿರವೇ ಹಾಳೆ ಸೀಳಿದರೆ ಬೆಣ್ಣೆ ಬಣ್ಣದ ಎಳೆಗಳು ಬಿಚ್ಚಿಕೊಂಡು ಇಳಿಬೀಳುತ್ತವೆ. ನಾಲ್ಕು ಕಂಬಕ್ಕೆ ನಾಲ್ಕು ಸಾಕು. ಜಾಸ್ತಿ ಕೇಳಬೇಡ. ಒಂದು ಸಿಂಗಾರ ಕೊಯ್ದರೆ ಒಂದು ಗೊನೆ ಅಡಿಕೆ ಹೋದ ಹಾಗೆ, ಮಾವ ಬಾಯಿಬಿಟ್ಟು ಹೇಳದಿದ್ದರೂ ಮನಸ್ಸಿನಲ್ಲಿ ಲೆಕ್ಕ ಹಾಕಿರುತ್ತಾರೆ.

ಇನ್ನು ಮದುವೆಯ ಮಾತು. ಕುವೆಂಪು ಅವರು 1966ರಲ್ಲಿ ಮಗ ತೇಜಸ್ವಿಯವರ ಮದುವೆಯನ್ನೇ ಮಂತ್ರಮಾಂಗಲ್ಯದಂತೆ ಮಾಡಿಸಿದ್ದರು. ಹಾಗಾಗಿ ನೆಂಟರು ಯಾರಾದರೂ ಮೂಗು ಮುರಿದರೆ ತಲೆಕೆಡಿಸಿಕೊಳ್ಳಬೇಡ. ನಿಮ್ಮ ಮಾತು ತಲಾ ಅರ್ಧ ಪುಟ ಮೀರದಿರಲಿ. ಹಿಂದಿನ ಸಾಲಿನ ಅಜ್ಜಿಗೂ ಕೇಳುವಂತೆ ಓದಿ. ಬಿಸಿಲೇರುವ ಮೊದಲು, ಎಂಟು ಗಂಟೆಗೇ ಶುರು ಮಾಡಿದರೆ ಹೂವೂ ಉಳಿಯುತ್ತದೆ, ಜನರೂ ಉಳಿಯುತ್ತಾರೆ.

ಒಂದನ್ನು ಮಾತ್ರ ಮರೆಯಬೇಡ. ಮಾಲೆ ಹಾಕಿಕೊಂಡ ಫೋಟೋ ಕಾನೂನಿಗೆ ಸಾಲದು. ವಿಶೇಷ ವಿವಾಹ ಕಾಯ್ದೆಯಡಿ ಮದುವೆ ದಾಖಲಾದರೆ ಮುಂದೆ ತಕರಾರಿಲ್ಲ. ಅದಕ್ಕೆ ಮೊದಲು ನೋಟಿಸ್ ಕೊಡಬೇಕು, ಪ್ರಕಟವಾಗಿ 30 ದಿನ ಕಾಯಬೇಕು, ಕೊನೆಗೆ ಮೂವರು ಸಾಕ್ಷಿಗಳು ಬೇಕು. ಡಿಸೆಂಬರಿನಲ್ಲೇ ಉಪನೋಂದಣಾಧಿಕಾರಿ ಕಚೇರಿಗೆ ಇಬ್ಬರೂ ಹೋಗಿಬನ್ನಿ.

ಪ್ರಶ್ನೆ: ಹಿಂದಿನ ದಿನ ತಂದಿಟ್ಟ ಮಲ್ಲಿಗೆ ಬೆಳಿಗ್ಗೆ ಕಂದಿಹೋಗಿರುತ್ತದೆ. ಏನು ಮಾಡಲಿ?
— ಓದುಗರು, ಕುಮಟಾ

ಉತ್ತರ: ಮೊದಲು ನೀರು ಚಿಮುಕಿಸುವುದನ್ನು ನಿಲ್ಲಿಸಿ. ಬಾಳೆ ಎಲೆಯಲ್ಲಿ ಸುತ್ತಿ, ಮೇಲೊಂದು ಒದ್ದೆ ಬಟ್ಟೆ ಸುತ್ತಿ ತಂಪಿನಲ್ಲಿಡಿ. ಫ್ರಿಜ್ಜಾದರೆ ಕೆಳಗಿನ ತರಕಾರಿ ಡಬ್ಬಿಯಲ್ಲಿ. ಮೀನು ಇಟ್ಟ ಫ್ರಿಜ್ಜು ಮಾತ್ರ ಬೇಡ.