ಯೂನೋ ಬೋರ್ಡಿನಲ್ಲಿ ಸ್ಟೀರಿಂಗ್ ಕಟ್ಟುತ್ತಿರುವ ತಮ್ಮನಿಗೆ

ತಮ್ಮಾ, ಗೇಮಿಗೆ ಮನೆಯಲ್ಲೇ ಸ್ಟೀರಿಂಗ್ ಕಟ್ಟಲು ಎರಡನೇ ಆರ್ಡುಯಿನೋ ಯೂನೋ ಬೋರ್ಡ್ ಆರ್ಡರ್ ಮಾಡಿದ್ದರೆ ಈಗಲೇ ಕ್ಯಾನ್ಸಲ್ ಮಾಡು. ಮೊದಲನೆಯದು ಕೆಟ್ಟಿಲ್ಲ. ಕೋಡ್ ಏರುತ್ತದೆ, ಸೀರಿಯಲ್ ಮಾನಿಟರಿನಲ್ಲಿ ನಂಬರ್ ಓಡುತ್ತದೆ, ಯೂರೋ ಟ್ರಕ್ 2 ಗೇಮ್ ಮಾತ್ರ ಸ್ಟೀರಿಂಗ್ ಗುರುತಿಸಲ್ಲ ಅಂದೆಯಲ್ಲ, ಹೊಸ ಬೋರ್ಡ್ ಬಂದರೂ ಅದೇ ಕಥೆ. ನಾನೂ ಹೀಗೇ ದುಡ್ಡು ಕಳೆದವನು, ಅದಕ್ಕೇ ಇಷ್ಟುದ್ದ ಬರೆಯುತ್ತಿದ್ದೇನೆ.

ಯೂನೋದ 328ಪಿ ಚಿಪ್ಪಿಗೆ ಯುಎಸ್‌ಬಿ ಬರುವುದಿಲ್ಲ. ಪಕ್ಕದ ಸಿಎಚ್340 ಅನ್ನುವ ಚಿಪ್ ಅದರ ಪರವಾಗಿ ಮಾತಾಡುತ್ತದೆ, ಕಂಪ್ಯೂಟರಿಗೆ ಕಾಣುವುದು ಬರೀ ಕಾಮ್ ಪೋರ್ಟ್, ಗೇಮಿಗೆ ಬೇಕಾದ ಜಾಯ್‌ಸ್ಟಿಕ್ ಅಲ್ಲ. ಒರಿಜಿನಲ್ ಯೂನೋದಲ್ಲಿ ಆ ಜಾಗದಲ್ಲಿ 16ಯು2 ಚಿಪ್ ಇರುತ್ತದೆ, ಅದರೊಳಗಿನ ಪ್ರೋಗ್ರಾಂ ಬದಲಿಸಿ (ಫ್ಲಾಶ್ ಮಾಡಿ) ಜಾಯ್‌ಸ್ಟಿಕ್ ಮಾಡಬಹುದು. ನೀನು ನೋಡಿದ ವಿಡಿಯೋ ಅದೇ ಇರಬೇಕು. ನಿನ್ನ ಫೋಟೋದಲ್ಲಿರುವ ಕ್ಲೋನಿನಲ್ಲಿ, ಅಂದರೆ ನಕಲು ಬೋರ್ಡಿನಲ್ಲಿ, ಆಗಲ್ಲ. ತಾನೇ ಯುಎಸ್‌ಬಿ ಮಾತಾಡುವ 32ಯು4 ಚಿಪ್ ಬೇಕು, ಅಂದರೆ ಆ ಚಿಪ್ ಇರುವ ಬೋರ್ಡು: ಲಿಯೊನಾರ್ಡೊ ಅಥವಾ ಪ್ರೋ ಮೈಕ್ರೋ. ಪ್ರೋ ಮೈಕ್ರೋ ಸಾಕು, 5 ವೋಲ್ಟಿನದು ನೋಡಿ ತಗೋ. ಪ್ರೋ ಮಿನಿ ಅಲ್ಲ! ಅಂಗಡಿಯವರು ಎಷ್ಟೋ ಸಲ ಅದನ್ನೇ ಕೈಗಿಡುತ್ತಾರೆ, ಅದರಲ್ಲೂ 328ಪಿಯೇ ಇರುವುದು. ತುಮಕೂರಿನಲ್ಲಿ ಸಿಗದಿದ್ದರೆ ರೈಲಿನಲ್ಲಿ ಬೆಂಗಳೂರಿನ ಮೆಜೆಸ್ಟಿಕ್‌ಗೆ ಹೋಗು, ಎಸ್‌ಪಿ ರೋಡ್ (ಎಲೆಕ್ಟ್ರಾನಿಕ್ಸ್ ಅಂಗಡಿಗಳ ಬೀದಿ) ಅಲ್ಲಿಂದ ದೂರವಿಲ್ಲ. ಬೋರ್ಡ್ ಬಂದ ತಕ್ಷಣ ಮೈಕ್ರೋ ಯುಎಸ್‌ಬಿ ಕನೆಕ್ಟರ್ ಸುತ್ತ ಹಾಟ್ ಗ್ಲೂ ಹಾಕು. ಇಲ್ಲದಿದ್ದರೆ ಕೇಬಲ್ ಜಗ್ಗಿದಾಗ ಕನೆಕ್ಟರ್ ಕಿತ್ತು ಬರುತ್ತದೆ. ಹಳೇ ಯೂನೋ ಕಾಲೇಜ್ ಪ್ರಾಜೆಕ್ಟಿಗೆ ಇಟ್ಟುಕೋ.

ಈಗ ಸ್ಟೀರಿಂಗ್ ನಡುವಿಗೆ ವಾಪಸ್ ಬರುವ ವಿಷಯ. ಸ್ಪ್ರಿಂಗ್ ಬೇಡ ಮಾರಾಯ, ಸುಮ್ನೆ ಟಣ್ ಟಣ್ ಅನ್ನುತ್ತದೆ, ನಡುವೆ ನಿಲ್ಲದೆ ತೂಗಾಡುತ್ತದೆ. ಸೈಕಲ್ ಅಂಗಡಿಯಲ್ಲಿ ಪಂಕ್ಚರ್ ಆದ ಟ್ಯೂಬ್ ಕೇಳು. ಬೈಕ್ ಟ್ಯೂಬ್ ಗಟ್ಟಿ, ಕೈ ನೋಯುತ್ತದೆ. ಸೈಕಲ್ಲಿನದೇ ಇರಲಿ. ಒಂದಿಂಚು ಅಗಲದ ಎರಡು ಪಟ್ಟಿ ಕತ್ತರಿಸು. ಸ್ಟೀರಿಂಗಿನ ಶಾಫ್ಟಿಗೆ ಪಿವಿಸಿ ಎಂಡ್ ಕ್ಯಾಪ್ ಹಾಕಿ, ಅದರ ಅಂಚಿನ ಕೆಳಭಾಗದಲ್ಲಿ ಒಂದು ಸ್ಕ್ರೂ. ಅಲ್ಲಿಂದ ಒಂದು ಪಟ್ಟಿ ಸ್ಟೀರಿಂಗ್ ಕೂರಿಸಿದ ಡಬ್ಬದ ಎಡ ಕೆಳಮೂಲೆಗೆ, ಇನ್ನೊಂದು ಬಲ ಕೆಳಮೂಲೆಗೆ. ಸ್ಟೀರಿಂಗ್ ನೇರ ಇದ್ದಾಗಲೇ ಎರಡೂ ಚೆನ್ನಾಗಿ ಬಿಗಿದಿರಬೇಕು. ಸಡಿಲ ಇದ್ದರೆ ನಡುವೆ ಸತ್ತ ಜಾಗ ಉಳಿಯುತ್ತದೆ, ಹೈವೇಯಲ್ಲಿ ಲಾರಿ ಹಾವಿನ ಹಾಗೆ ಹೋಗುತ್ತದೆ. ಒಂದು ಕಡೆ ಎಳೆದರೆ ಆ ಕಡೆಯ ಪಟ್ಟಿಯನ್ನು ಸ್ವಲ್ಪ ಸಡಿಲಿಸು, ಅಷ್ಟೇ. ಬಿಸಿಲು ಬೀಳುವ ಕಿಟಕಿ ಪಕ್ಕ ಇಡಬೇಡ, ರಬ್ಬರ್ ಬಿರಿಯುತ್ತದೆ.

ಸ್ಟೀರಿಂಗ್ ಎಷ್ಟು ತಿರುಗಿತು ಅಂತ ಅಳೆಯುವ ಪಾಟ್ (ಪೊಟೆನ್ಷಿಯೋಮೀಟರ್) ಬಿ10ಕೆ ಇರಲಿ. ಎ10ಕೆ ತಂದರೆ ಒಂದು ಕಡೆ ನಿಧಾನ, ಇನ್ನೊಂದು ಕಡೆ ಜಾಸ್ತಿ ತಿರುಗುತ್ತದೆ. ಆಚೀಚೆ ಕಾಲಿಗೆ 5 ವೋಲ್ಟ್ ಮತ್ತು ಗ್ರೌಂಡ್, ನಡುವಿನದು ಬೋರ್ಡಿನ ಎ0 ಪಿನ್ನಿಗೆ. ತಪ್ಪಿ ನಡುವಿನ ಕಾಲಿಗೆ 5 ವೋಲ್ಟ್ ಕೊಟ್ಟೆಯೋ, ತುದಿಗೆ ತಿರುಗಿಸಿದಾಗ ನೇರ ಶಾರ್ಟ್. ನಂಬರ್ ಕುಣಿದರೆ ನಡುವಿನ ಕಾಲಿಗೂ ಗ್ರೌಂಡಿಗೂ 104 ಕೆಪಾಸಿಟರ್ ಹಾಕು. ಪಾಟ್ ತಿರುಗುವುದು ಸುಮಾರು 270ರಿಂದ 300 ಡಿಗ್ರಿ. ಅದಕ್ಕೂ ಮೊದಲೇ ಸ್ಟೀರಿಂಗನ್ನು ತಡೆಯುವ ಮರದ ತುಂಡು ಹೊಡೆ, ಇಲ್ಲದಿದ್ದರೆ ಪಾಟ್ ಮುರಿಯುತ್ತದೆ. 900 ಡಿಗ್ರಿ ತಿರುಗುವ ಸ್ಟೀರಿಂಗಿನ ಆಸೆಗೆ ಗೇರ್ ಲೆಕ್ಕಕ್ಕೆ ಈಗಲೇ ಇಳಿಯಬೇಡ.

ಸ್ಟೀರಿಂಗ್ ಚಕ್ರಕ್ಕೆ ಗುಜರಿಯಲ್ಲಿ ಓಮ್ನಿಯದು ಹುಡುಕು. ಬಸ್ಸಿನದು ನೋಡಲು ಚೆಂದ, ಆದರೆ ಆ ಭಾರಕ್ಕೆ ಟ್ಯೂಬ್ ಸಾಲದು. ಪೆಡಲ್‌ಗೆ ಬಾಗಿಲಿನ ಹಿಂಜ್ ಮತ್ತು ಪ್ಲೈವುಡ್ ಸಾಕು. ಬ್ರೇಕ್ ಕೆಳಗೆ ಗಟ್ಟಿ ರಬ್ಬರ್ ತುಂಡು ಇಡು. ಲಾಜಿಟೆಕ್ ಕಂಪನಿಯ ರೆಡಿಮೇಡ್ ಗೇಮ್ ಸ್ಟೀರಿಂಗ್ ಜಿ29ರ ಬ್ರೇಕಿನಲ್ಲೂ ರಬ್ಬರ್ ಇದೆ, ಅದರ ಪೆಡಲ್ಲಿನಲ್ಲೂ ಪಾಟೇ ಇರುವುದು. ಹಾಗಂತ ನಮ್ಮದೂ ಅದೂ ಒಂದೇ ಅಲ್ಲ. ಫೋರ್ಸ್ ಫೀಡ್‌ಬ್ಯಾಕ್ (ಮೋಟಾರ್ ಸ್ಟೀರಿಂಗನ್ನು ಎಳೆದು ಕೈಗೆ ರಸ್ತೆಯ ಅನುಭವ ಕೊಡುವುದು) ಬೇಕೇ ಬೇಕು ಅಂದರೆ ದುಡ್ಡು ಕೂಡಿಟ್ಟು ಸೆಕೆಂಡ್ ಹ್ಯಾಂಡ್ ಜಿ29 ತಗೋ. ಕಾರಿನ ವೈಪರ್ ಮೋಟಾರ್ ಹಾಕುತ್ತೇನೆ ಅಂದಿದ್ದೀಯ, ಅದರೊಳಗೆ ವರ್ಮ್ ಗೇರ್ ಇದೆ, ಕೈಯಲ್ಲಿ ತಿರುಗಿಸಲು ಆಗುವುದೇ ಇಲ್ಲ.

ಬೋರ್ಡ್ ಬಂದ ಮೇಲೆ ಜಾಯ್‌ಸ್ಟಿಕ್ ಲೈಬ್ರರಿ ಏರಿಸಿ, ವಿಂಡೋಸ್ ರನ್‌ನಲ್ಲಿ ಜಾಯ್ ಡಾಟ್ ಸಿಪಿಎಲ್ (joy.cpl, ಗೇಮ್ ಕಂಟ್ರೋಲರ್‌ಗಳ ಪಟ್ಟಿ) ತೆರೆದು ನೋಡು. ಹೆಸರು ಬರದಿದ್ದರೆ ಆ ಸ್ಕ್ರೀನ್‌ಶಾಟ್ ಇಲ್ಲೇ ಹಾಕು. ವೈರಿಂಗ್ ಫೋಟೋ ಕೂಡ, ಈ ಸಲ ಬೆಳಕಿನಲ್ಲಿ ತೆಗಿ.