ಬಳ್ಳಾರಿ ಬಿಸಿಲಿಗೆ ಪುಟ್ಟ ಡ್ಯಾಶ್‌ಕ್ಯಾಮ್

ನಾಲ್ಕು ಸಾವಿರದೊಳಗೆ, ಕನ್ನಡಿ ಹಿಂದೆ ಅಡಗುವಷ್ಟು ಚಿಕ್ಕ ಡ್ಯಾಶ್‌ಕ್ಯಾಮ್ (ಕಾರಿನ ಗಾಜಿಗೆ ಅಂಟಿಸಿ ರಸ್ತೆಯ ವಿಡಿಯೋ ತೆಗೆಯುವ ಕ್ಯಾಮೆರಾ) ಕೇಳಿದ್ದೀರಲ್ವಾ ಸರ್? ಬಳ್ಳಾರಿಯಲ್ಲಿ ಓಡಿಸುವವರು ಮೊದಲು ನೋಡಬೇಕಾದ್ದು ಒಳಗಿರೋದು ಬ್ಯಾಟರಿಯೋ, ಸೂಪರ್ ಕೆಪಾಸಿಟರೋ (ಸ್ವಲ್ಪ ಹೊತ್ತಿಗಷ್ಟೇ ಕರೆಂಟ್ ಹಿಡಿದಿಡುವ ಬಿಡಿಭಾಗ) ಅಂತ. ಮೇ ತಿಂಗಳಲ್ಲಿ ಹೊರಗೇ 40 ಡಿಗ್ರಿ ದಾಟುತ್ತದೆ. ಬಿಸಿಲಲ್ಲಿ ನಿಲ್ಲಿಸಿದ ಕಾರಿನ ಗಾಜಿನ ಹತ್ತಿರ ಇನ್ನೂ ಜಾಸ್ತಿ. ಆ ಕಾವಿಗೆ ಲಿಥಿಯಂ ಬ್ಯಾಟರಿ ಉಬ್ಬಿಕೊಳ್ಳಬಹುದು. ಕೆಪಾಸಿಟರ್ ತಡೆದುಕೊಳ್ಳುತ್ತದೆ. ಕಾರು ಆಫ್ ಆದಾಗ ಕೊನೆಯ ಫೈಲ್ ಉಳಿಸುವಷ್ಟು ಕರೆಂಟ್ ಅದರಲ್ಲಿರುತ್ತದೆ, ಅಷ್ಟು ಸಾಕು.

ಸ್ಕ್ರೀನ್ ಇಲ್ಲದ್ದೇ ತಗೊಳ್ಳಿ, ವಿಡಿಯೋ ಫೋನಲ್ಲೇ ನೋಡಬಹುದು. ಚಿತ್ರದ ಸ್ಪಷ್ಟತೆ 1080ಪಿ (ಫುಲ್ ಎಚ್‌ಡಿ) ಇದ್ದರೆ ಸಾಕು. ಅದಕ್ಕಿಂತ ಹೆಚ್ಚು ಸ್ಪಷ್ಟತೆಯ 4ಕೆ ಅಂತ ಬರೆದ ಅಗ್ಗದ ಎಷ್ಟೋ ಕ್ಯಾಮೆರಾಗಳಲ್ಲಿ ಚಿತ್ರವನ್ನು ಸುಮ್ನೆ ಹಿಗ್ಗಿಸಿರುತ್ತಾರೆ. ಉಳಿದ ದುಡ್ಡು ಹೈ ಎಂಡ್ಯೂರೆನ್ಸ್ (ಪದೇ ಪದೇ ಬರೆದರೂ ಬಾಳುವ) ಮೆಮೊರಿ ಕಾರ್ಡಿಗೆ ಹಾಕಿ. ಹಳೇ ವಿಡಿಯೋ ಮೇಲೆ ಹೊಸದನ್ನು ಬರೆದು ಬರೆದು ಮಾಮೂಲಿ ಕಾರ್ಡ್ ಬೇಗ ಕೆಡುತ್ತದೆ. ಸಂಡೂರು ಕಡೆ ಅದಿರು ಲಾರಿ ಹಿಂದೆ ಹೋದರೆ ಗಾಜಿಗೆ ಕೆಂಪು ಧೂಳು ಕೂರುತ್ತದೆ, ಹಾಗಾಗಿ ವೈಪರ್ ಒರೆಸುವ ಜಾಗದ ಹಿಂದೆಯೇ ಅಂಟಿಸಿ.