ಪರಲೋಕದ ಗಂಟು ಮತ್ತು ಅಪ್ಪನ ಸೈಟು

ಪ್ರಶ್ನೆ: ಅಪ್ಪ ವಿಲ್ ಬರೆಯದೆ ತೀರಿಕೊಂಡರು. ಅಮ್ಮ, ಇಬ್ಬರು ಅಣ್ಣಂದಿರು ಮತ್ತು ನಾನು ಇದ್ದೇವೆ. ಧಾರವಾಡದ ಮನೆ, ಸೈಟು ಎರಡೂ ಅಣ್ಣಂದಿರ ಕೈಯಲ್ಲಿವೆ. ಪಾಲು ಕೇಳಿದರೆ ದೊಡ್ಡಣ್ಣ, “ಭೂಲೋಕದಾಗ ಗಂಟು ಮಾಡಿ ಇಟ್ಕೋಬ್ಯಾಡ್ರಿ ಅಂತ ಯೇಸುಸ್ವಾಮಿ ಹೇಳ್ಯಾನ. ನಿನಗ್ಯಾಕವ್ವಾ ಆಸ್ತಿ ಆಸೆ?” ಅನ್ನುತ್ತಾರೆ. ಪಾಲು ಕೇಳುವುದು ಪಾಪವೇ?

ಉತ್ತರ: ಅಲ್ಲಮ್ಮಾ. ಮತ್ತಾಯ 6ನೇ ಅಧ್ಯಾಯದ ಆ ವಾಕ್ಯವನ್ನು ಅಣ್ಣ ಸರಿಯಾಗಿಯೇ ಹೇಳಿದ್ದಾರೆ. ಆದರೆ ಮನೆಯ ಬೀಗದ ಕೈ ಅವರ ಜೇಬಿನಲ್ಲೇ ಇದೆ, ಅಲ್ವಾ? ಆ ವಾಕ್ಯವನ್ನು ಮೊದಲು ಅವರು ತಮಗೇ ಓದಿಕೊಳ್ಳಲಿ.

ಸತ್ಯವೇದದ, ಅಂದರೆ ಬೈಬಲಿನ, ಅರಣ್ಯಕಾಂಡ 27ನೇ ಅಧ್ಯಾಯ ತೆಗೆದು ನೋಡಿ. ಗಂಡುಮಕ್ಕಳಿಲ್ಲದೆ ಸತ್ತ ಚಲ್ಪಹಾದನ ಐದು ಹೆಣ್ಣುಮಕ್ಕಳು ಮೋಶೆಯ ಎದುರು ನಿಂತು ಅಪ್ಪನ ಪಾಲು ಕೇಳಿದರು. ಅವರು ಕೇಳುವುದು ನ್ಯಾಯ ಎಂದು ದೇವರೇ ಹೇಳಿದ. ಇನ್ನು ಕ್ರೈಸ್ತರಾದ ನಮಗೆ ಅನ್ವಯಿಸುವ ಕಾನೂನು. 1925ರ ಭಾರತೀಯ ಉತ್ತರಾಧಿಕಾರ ಕಾಯ್ದೆಯಲ್ಲಿ ಅಮ್ಮನಿಗೆ ಮೂರನೇ ಒಂದು ಭಾಗ. ಉಳಿದದ್ದು ಮಕ್ಕಳಿಗೆ ಸಮ. ಅಂದರೆ ನಿಮಗೆ 9ರಲ್ಲಿ 2 ಪಾಲು. ಮದುವೆಯಾಗಿದ್ದರೂ ಅಷ್ಟೇ.

ಈಗ ನಿಮಗೂ ಒಂದು ಮಾತು. ಲೂಕ 12ರಲ್ಲಿ ಒಬ್ಬ ಬಂದು, ಅಣ್ಣನಿಂದ ಪಾಲು ಕೊಡಿಸು ಎಂದು ಯೇಸುವನ್ನು ಕೇಳುತ್ತಾನೆ. ಕೇಳಿದ್ದು ತಪ್ಪು ಅಂತ ಯೇಸು ಹೇಳಲಿಲ್ಲ. ಪಂಚಾಯ್ತಿ ಮಾಡಲೂ ಒಪ್ಪಲಿಲ್ಲ. ಹಳೆಯ ಕಣಜ ಕೆಡವಿ ದೊಡ್ಡದು ಕಟ್ಟಲು ಹೊರಟ ಸಾಹುಕಾರನ ಕಥೆ ಹೇಳಿದ. ಆ ಸಾಹುಕಾರನ ಬಾಯಲ್ಲಿ ಬರೀ ನನ್ನ ಬೆಳೆ, ನನ್ನ ಕಣಜ, ನನ್ನ ಸರಕು. ಕಥೆಯಲ್ಲಿ ಅವನ ಜೊತೆ ಊಟಕ್ಕೆ ಕೂರುವವರು ಒಬ್ಬರೂ ಇಲ್ಲ. ನನಗೆ ಹೆದರಿಕೆ ಹುಟ್ಟಿಸುವುದು ಅದೇ.

ನಾನು ಸಭಾಪಾಲಕನಾಗಿದ್ದಾಗ ಇಂಥದ್ದೇ ಒಂದು ಮನೆಗೆ ಹೋಗಿದ್ದೆ. ತೀರಿಕೊಂಡ ತಾಯಿಯ ಬೋರಮಾಳ ಸರವನ್ನು ಎರಡು ಸಲ ತೂಗಿಸಿದರು. ಆಕೆ ದಿನಾ ಓದುತ್ತಿದ್ದ ಸತ್ಯವೇದ ಕಿಟಕಿಯ ಮೇಲಿತ್ತು, ಬೆನ್ನಿಗೆ ಬಟ್ಟೆ ಹಚ್ಚಿ ಹೊಲಿದದ್ದು. ಅದನ್ನು ಯಾರೂ ಕೇಳಲಿಲ್ಲ. ಆಮೇಲೆ ಕೇಳಿದರು ಅನ್ನಿ. ಮಕ್ಕಳು ಹುಟ್ಟಿದ ತಾರೀಖುಗಳನ್ನು ಆಕೆ ಮೊದಲ ಹಾಳೆಯಲ್ಲಿ ಬರೆದಿದ್ದಳು, ವಕೀಲರಿಗೆ ಅವು ಬೇಕಾಗಿದ್ದವು.

ರಾತ್ರಿ ನಿದ್ದೆಗೆಡುವುದು ಸೈಟಿಗಾಗಿಯೋ, ಅಣ್ಣನಿಗಾಗಿಯೋ? ನಿಮ್ಮ ಗಂಟು ಎಲ್ಲಿದೆ ಅಂತ ಅದರಿಂದಲೇ ಗೊತ್ತಾಗುತ್ತದೆ. ಪಾಲು ಸಿಕ್ಕಿದ ಮೇಲೆ ಬಿಟ್ಟುಕೊಡಬೇಕು ಅನ್ನಿಸಿದರೆ ಬಿಟ್ಟುಕೊಡಿ. ಅದು ನೀವಾಗಿ ಕೊಡುವ ಕಾಣಿಕೆ. ಅಣ್ಣ ವಾಕ್ಯ ಹೇಳಿ ಕಿತ್ತುಕೊಂಡರೆ ಕಾಣಿಕೆ ಆಗುವುದಿಲ್ಲ.

ವಿಶ್ವಾಸಿಗಳು ಒಬ್ಬರ ಮೇಲೊಬ್ಬರು ಕೋರ್ಟಿಗೆ ಹೋಗುವುದನ್ನು ಪೌಲ ಒಪ್ಪುವುದಿಲ್ಲ. ಅದನ್ನು ಮುಚ್ಚಿಡಲಾರೆ. ಅದಕ್ಕೇ ಮೊದಲು ಸಭೆಯ ಇಬ್ಬರು ಹಿರಿಯರನ್ನು ಕೂರಿಸಿಕೊಂಡು ಮಾತಾಡಿ. ಅಮ್ಮನನ್ನೂ ಕರೆಯಿರಿ. ಎಲ್ಲರಿಗಿಂತ ಜಾಸ್ತಿ ಪಾಲು ಅವರದು. ಅವರನ್ನು ಇದುವರೆಗೆ ಯಾರೂ ಏನೂ ಕೇಳಿಲ್ಲ ಅಂತ ಕಾಣುತ್ತದೆ.